ಗೂಢಚಾರನೂ ಬಾಗಿಲು ತೆರೆದ ಮನೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಮಳೆಗಾಲ ಹಿಡಿದು ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತಾಳಮದ್ದಳೆಯ ದಿನಗಳು ಬರುತ್ತವೆ. ಅಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಮಾತೊಂದರಿಂದಲೇ ಪಾತ್ರಗಳನ್ನು ಕಟ್ಟುತ್ತಾರೆ. ಗೋಗ್ರಹಣದ ಪ್ರಸಂಗವಾದರೆ ಕೌರವನ ಬೇಹಿನವರು ತರುವ ಸುದ್ದಿಯಿಂದಲೇ ಕಥೆಗೆ ಚಲನೆ. ವೇಷವನ್ನು ಮರೆಸಿಕೊಳ್ಳುವುದೇ ವೃತ್ತಿಯಾದ ಚರನಿಗೆ ಈ ಕಲೆಯಲ್ಲಿ ವೇಷವೇ ಇಲ್ಲವೆಂಬುದು ಆಲೋಚಿಸತಕ್ಕ ಸಂಗತಿ. ಅವನು ತಂದ ಮಾತು ಮಾತ್ರ ಸಭೆಯ ಮುಂದಿರುತ್ತದೆ. ಹೆಸರಾಂತ ಅರ್ಥಧಾರಿಗಳು ಈ ಸಣ್ಣ ಪಾತ್ರವನ್ನು ಅಷ್ಟಾಗಿ ಬಯಸುವುದಿಲ್ಲ. ಬಯಲಾಟದಲ್ಲಾದರೋ ದೂತನ ಕೆಲಸ ಬಹುಮಟ್ಟಿಗೆ ಹಾಸ್ಯಗಾರನ ಪಾಲಿನದು. ಆದರೆ ಈ ಸಣ್ಣವನ ಹೆಗಲ ಮೇಲೆ ಕಥೆಯ ಭಾರವೆಲ್ಲ ನಿಂತಿದೆ.

ವಿರಾಟಪರ್ವದ ಬೇಹಿನವರು ಊರೂರು, ನಗರನಗರಗಳನ್ನು ಶೋಧಿಸಿ ಪಾಂಡವರನ್ನು ಕಾಣದೆ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಹೇಳಬೇಕಾದುದೆಲ್ಲ ಮುಗಿದ ಮೇಲೆ, ಲೋಕವಾರ್ತೆಯೆಂಬಂತೆ, ಮತ್ಸ್ಯನಗರದಲ್ಲಿ ಕೀಚಕನು ಒಬ್ಬ ಹೆಣ್ಣಿನ ನಿಮಿತ್ತವಾಗಿ ರಾತ್ರಿಯ ಹೊತ್ತು ಗಂಧರ್ವರಿಂದ ಹತನಾದನೆಂದು ತಿಳಿಸುತ್ತಾರೆ. ತಾವು ಹುಡುಕಿದ್ದು ಸಿಕ್ಕಿದೆಯೆಂಬುದು ಅವರಿಗೇ ಗೊತ್ತಿಲ್ಲ. ಕೇಳಿದವರು ಅದರಲ್ಲಿ ಭೀಮನ ಕೈಯನ್ನು ಕಂಡರು. ಚಾರನು ಮಾತನ್ನು ಹೊರಬಲ್ಲನು, ಅದರ ತೂಕವನ್ನು ಅರಿಯನು ಎಂಬುದನ್ನು ನಮ್ಮ ಪ್ರಾಚೀನರು ಇಷ್ಟು ಸುಲಭವಾಗಿ ಕಾಣಿಸಿದ್ದಾರೆ.

ಇದೇ ಅಜ್ಞಾನವು ಇನ್ನೊಂದು ಕಡೆ ಘೋರವಾಗುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಯೋಧ್ಯೆಯ ಇರುಳಿನಲ್ಲಿ ಸುತ್ತಿಬಂದ ಚರನು, ಒಬ್ಬ ಅಗಸನು ಮನೆಯ ಜಗಳದಲ್ಲಿ ಆಡಿದ ಮಾತನ್ನು ತಂದು ಶ್ರೀರಾಮನಿಗೆ ಒಪ್ಪಿಸುತ್ತಾನೆ. ಅರಮನೆಗೆಂದು ಆಡಿದ ಮಾತಲ್ಲ ಅದು, ಗೋಡೆಯೊಳಗಿನ ಮಾತು. ಗೋಡೆಯ ಹೊರಗೊಂದು ಕಿವಿ ಇದ್ದುದರಿಂದ ಅದು ಅರಮನೆಗೆ ಹೋಯಿತು, ಗರ್ಭಿಣಿಯಾದ ಸೀತೆ ಕಾಡಿಗೆ ಹೋದಳು. ಮೂವರು ಚಾರರು ಬೇರೆಬೇರೆಯಾಗಿ ತಂದ ಸುದ್ದಿ ಒಂದೇ ಆಗಿದ್ದರೆ ಮಾತ್ರ ನಂಬಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಇಲ್ಲಿ ಇದ್ದದ್ದು ಒಬ್ಬ ಅಗಸ, ಒಬ್ಬ ಚರ. ನಿರ್ದಯನೆಂದು ಹೆಸರಾದ ಕೌಟಿಲ್ಯನೇ ಈ ಒಂದು ವಿಷಯದಲ್ಲಿ ಹೆಚ್ಚು ನ್ಯಾಯವಂತನಾಗಿ ತೋರುವುದು ಸಾಹಿತ್ಯದ ವಿನೋದಗಳಲ್ಲೊಂದು.

ಕೌಟಿಲ್ಯನ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತದ್ದು ನಮ್ಮ ಮೈಸೂರಿನಲ್ಲಿ. 1905ರಲ್ಲಿ ಪ್ರಾಚ್ಯ ಗ್ರಂಥಾಲಯದ ಓಲೆಗರಿಗಳ ನಡುವೆ ಪಂಡಿತ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದರು. ಅದರಲ್ಲಿ ಒಂದೆಡೆ ನೆಲೆನಿಲ್ಲುವ ಚಾರರು ಐದು ಬಗೆ: ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ. ಉಳಿದ ನಾಲ್ವರನ್ನು ಬಿಟ್ಟು ತಾಪಸನ ಬಳಿ ನಾವು ತುಸು ನಿಲ್ಲಬೇಕು. ಅವನು ಮುಂಡನಾಗಿರಬಹುದು, ಜಟಾಧಾರಿಯಾಗಿರಬಹುದು. ನಗರದ ಅಂಚಿನಲ್ಲಿ ಬಹುಮಂದಿ ಶಿಷ್ಯರೊಡನೆ ನೆಲೆಸುತ್ತಾನೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಎಲ್ಲರೆದುರು ಹಿಡಿಯಷ್ಟು ಸೊಪ್ಪನ್ನೋ ಕಾಳನ್ನೋ ತಿನ್ನುತ್ತಾನೆ; ಮರೆಯಲ್ಲಿ ಬೇಕಾದುದನ್ನು ಉಣ್ಣುತ್ತಾನೆ. ವರ್ತಕರ ವೇಷದ ಸಹಚರರು ಅವನ ಮಹಿಮೆಯನ್ನು ಸಾರುತ್ತಾರೆ. ಬೆಂಕಿ ಬೀಳುವುದು, ಕಳ್ಳರ ಭಯವಾಗುವುದು ಎಂದು ಅವನು ಭವಿಷ್ಯ ನುಡಿಯುತ್ತಾನೆ, ಗೂಢಪುರುಷರು ಅದನ್ನು ನಡೆಸಿಕೊಡುತ್ತಾರೆ. ಕಾವಿಯುಟ್ಟವರು ಈ ಪ್ರಕರಣವನ್ನು ಓದುವಾಗ ಮೈ ಬೆಚ್ಚಗಾಗದೆ ಇರದು. ರಾಜನಿಗೆ ಸುದ್ದಿ ದೊರೆಯುವ ಉಪಾಯವನ್ನು ಶಾಸ್ತ್ರಕಾರನು ಲೆಕ್ಕ ಹಾಕಿದ್ದಾನೆ. ಆ ಕಪಟ ಹೊರಬಿದ್ದ ಮರುದಿನ ಅದೇ ಊರಿನ ಬಾಗಿಲಲ್ಲಿ ನಿಜವಾಗಿ ಹಸಿದು ನಿಂತ ವಿರಕ್ತನ ಗತಿಯೇನೆಂಬ ಲೆಕ್ಕ ಅಲ್ಲಿಲ್ಲ. ಶಾಸ್ತ್ರಕ್ಕೆ ಅದು ಬೇಡವಿರಬಹುದು. ಸಾಹಿತ್ಯಕ್ಕೆ ಬೇಕು. ಗೂಢಚಾರನ ಕಥೆಯನ್ನು ನಾವು ಅಳೆಯುವ ಮಾನದಂಡವೂ ಇದೇ: ಅವನಿಗೆ ಬಾಗಿಲು ತೆರೆದ ಮನೆ ಆ ಕಥೆಯಲ್ಲಿ ಕಾಣುತ್ತದೆಯೋ ಇಲ್ಲವೋ?

ಶೈವಪರಂಪರೆಗೆ ಈ ಪ್ರಶ್ನೆ ಹೊಸದಲ್ಲ. ಸೇಕ್ಕಿಳಾರರ ಪೆರಿಯಪುರಾಣದಲ್ಲಿ ಮೆಯ್ಪ್ಪೊರುಳ್ ನಾಯನಾರರ ಕಥೆಯಿದೆ. ಯುದ್ಧದಲ್ಲಿ ಸೋತ ಶತ್ರು ಮುತ್ತನಾಥನು ಭಸ್ಮ ಧರಿಸಿ, ಜಟೆ ಕಟ್ಟಿ, ಪುಸ್ತಕದ ಕಟ್ಟಿನೊಳಗೆ ಕತ್ತಿಯಿಟ್ಟು ಅಂತಃಪುರದವರೆಗೆ ನಡೆದುಬರುತ್ತಾನೆ. ಕಾವಲಿನವನು ಸಂಶಯಪಟ್ಟರೂ ತಡೆಯಲಾರದೆ ಹೋಗುತ್ತಾನೆ. ಇರಿತಕ್ಕೊಳಗಾದ ಅರಸನು ಕೊಲೆಗಾರನನ್ನು ಊರ ಗಡಿಯವರೆಗೆ ಸುರಕ್ಷಿತವಾಗಿ ಕಳುಹಿಸಿಬರುವಂತೆ ಅದೇ ಕಾವಲಿನವನಿಗೆ ಆಜ್ಞಾಪಿಸಿ, ಆ ಕೆಲಸ ಮುಗಿಯಿತೆಂದು ಕೇಳಿದ ಮೇಲೆ ಪ್ರಾಣ ಬಿಡುತ್ತಾನೆ. ರಾಜನೀತಿಯ ಕಣ್ಣಿಗೆ ಇದು ಹುಚ್ಚು. ಆದರೆ ಲಾಂಛನಕ್ಕೆ ಊರು ಕೊಡುವ ಗೌರವವು ಒಬ್ಬ ಕಪಟಿಯಿಂದ ಮುರಿಯಬಾರದೆಂಬ ಕಾಳಜಿ ಅದರಲ್ಲಿದೆ. ಬಸವಣ್ಣನವರ ಮುಂದೆ ಬದನೆಕಾಯಿಯನ್ನೇ ಲಿಂಗವೆಂದು ಕಟ್ಟಿಕೊಂಡು ಬಂದವರ ಪ್ರಸಂಗವನ್ನು ನಮ್ಮ ಸದ್ಭಕ್ತರು ಬಲ್ಲರು. ಅಲ್ಲಿ ಕಪಟವೇ ಸೋಲುತ್ತದೆ. ನಾಯನಾರರ ಕಥೆಯಲ್ಲಿ ಕಪಟ ಗೆಲ್ಲುತ್ತದೆ, ಮತ್ತು ಕವಿ ಆ ಗೆಲುವಿನ ಬೆಲೆಯನ್ನು ಮರೆಮಾಚುವುದಿಲ್ಲ. ಕಾವ್ಯವಾಗಿ ನಮಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ.

ನಗರದ ಗೂಢಚಾರನನ್ನು ಭಾರತೀಯ ಸಾಹಿತ್ಯದಲ್ಲಿ ಪೂರ್ಣವಾಗಿ ಕಂಡವನು ಮುದ್ರಾರಾಕ್ಷಸದ ವಿಶಾಖದತ್ತ. ಆ ನಾಟಕದ ಪಾಟಲೀಪುತ್ರದಲ್ಲಿ ಯಾರು ಯಾರ ಕಡೆಯವರೆಂಬುದೇ ತಿಳಿಯದು. ಹಾವಾಡಿಗನು ಅಮಾತ್ಯ ರಾಕ್ಷಸನ ಚರ. ರಾಕ್ಷಸನಿಗೆ ಆಪ್ತನಂತಿರುವ ಕ್ಷಪಣಕನು ಚಾಣಕ್ಯನ ಗೆಳೆಯ. ಆದರೆ ನಾಟಕದ ಬೀಜವಿರುವುದು ಒಂದು ಮನೆಯ ಹೊಸ್ತಿಲಲ್ಲಿ. ಚಾಣಕ್ಯನ ಚರ ನಿಪುಣಕನು ಯಮಪಟವನ್ನು ಬಿಚ್ಚಿ ಹಾಡುತ್ತ ಮನೆಮನೆಗೆ ತಿರುಗುತ್ತಾನೆ. ರತ್ನಪಡಿ ವ್ಯಾಪಾರಿ ಚಂದನದಾಸನ ಮನೆಯಲ್ಲಿ ಚಿತ್ರ ನೋಡುವ ಆಸೆಯಿಂದ ಐದು ವರ್ಷದ ಮಗುವೊಂದು ಒಳಗಿನಿಂದ ಹೊರಕ್ಕೆ ಓಡುತ್ತದೆ. ಗಾಬರಿಗೊಂಡ ಹೆಂಗಸೊಬ್ಬಳು ಕೈಚಾಚಿ ಅದನ್ನು ಒಳಗೆಳೆದುಕೊಳ್ಳುತ್ತಾಳೆ. ಗಂಡಸಿನ ಬೆರಳಿಗೆ ಅಳತೆಯಾದ ಉಂಗುರ ಅವಳ ಬೆರಳಿನಿಂದ ಜಾರಿ, ಉರುಳಿ, ಚರನ ಕಾಲಬಳಿ ನಿಲ್ಲುತ್ತದೆ. ಅದು ರಾಕ್ಷಸನ ಮುದ್ರೆಯುಂಗುರ. ಆ ಮನೆಯಲ್ಲಿ ಅಡಗಿದ್ದುದು ರಾಕ್ಷಸನ ಸಂಸಾರ. ಚಾಣಕ್ಯನು ಮುಂದೆ ಹೂಡುವ ಕೂಟಪತ್ರದ ತಂತ್ರವೆಲ್ಲ ಈ ಉಂಗುರದ ಮೇಲೆ ನಿಂತದ್ದು.

ನಿಪುಣಕನು ಮಾಡಿದ ಸಾಹಸವಾದರೂ ಏನು? ಏನೂ ಇಲ್ಲ. ಚಿತ್ರಪಟ ಕಂಡ ಮಗುವಿನ ಕುತೂಹಲ ಅವನ ಕೆಲಸ ಮಾಡಿತು. ವಿಶಾಖದತ್ತನ ಹಿರಿಮೆಯೆಂದರೆ ಅವನು ಆ ಮನೆಯನ್ನು ಅಲ್ಲಿಗೇ ಕೈಬಿಡುವುದಿಲ್ಲ. ಗೆಳೆಯನ ಸಂಸಾರವನ್ನು ಒಪ್ಪಿಸೆನೆಂದ ಚಂದನದಾಸನು ಸೆರೆಗೆ ಬೀಳುತ್ತಾನೆ. ಕೊನೆಯ ಅಂಕದಲ್ಲಿ ಹೆಂಡತಿಮಕ್ಕಳು ಹಿಂಬಾಲಿಸಿರಲು ಅವನನ್ನು ಶೂಲಕ್ಕೆ ನಡೆಸಿಕೊಂಡು ಹೋಗುತ್ತಾರೆ. ನಡೆಸುವ ವಧಕರೂ ಚಾಣಕ್ಯನ ಗೂಢಚಾರರೇ. ರಾಕ್ಷಸನು ಬಂದು ಶರಣಾಗುವುದು ಸೈನ್ಯಕ್ಕಲ್ಲ, ಈ ವ್ಯಾಪಾರಿಯ ಸ್ನೇಹಕ್ಕೆ. ನೂರು ಕಣ್ಣುಗಳ ನಗರದಲ್ಲಿ ಏನನ್ನೂ ಮಾರದ ಮನುಷ್ಯ ಒಬ್ಬ ಮಾರಾಟಗಾರ! ಚಾಣಕ್ಯನ ಬುದ್ಧಿಯನ್ನು ಹೊಗಳಿ ಮುಗಿಸುವ ವಿಮರ್ಶೆಗಳನ್ನು ಓದುವಾಗಲೆಲ್ಲ, ಇವರು ಕೊನೆಯ ಅಂಕದವರೆಗೆ ಕುಳಿತಿದ್ದರೇ ಎಂಬ ಅನುಮಾನ ಬರುತ್ತದೆ.

ಈ ವಸ್ತುವನ್ನೇ ಹಿಡಿದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವನ್ನು ರಚಿಸಿದನು. ನಂದರ ಪೂರ್ವಕಥೆಯನ್ನು ಸೇರಿಸಿ, ನಾಟಕವನ್ನು ಗದ್ಯಕಥೆಯಾಗಿ ಹರಡಿದನು. ಹೊಸಗನ್ನಡ ಗದ್ಯದ ಹೊಸ್ತಿಲಲ್ಲಿರುವ ಗ್ರಂಥಗಳಲ್ಲಿ ಇದೊಂದೆಂದು ಪಂಡಿತರು ಒಪ್ಪುತ್ತಾರೆ. ನಮ್ಮ ಕಾದಂಬರಿಯ ಮೊದಲ ಹೆಜ್ಜೆಗಳನ್ನು ಹುಡುಕಿದರೆ ಸಿಗುವವರಲ್ಲಿ ಗೂಢಚಾರರ ಗುಂಪೂ ಇದೆಯೆಂಬುದು ಪತ್ತೇದಾರಿ ಕಥೆಗಳನ್ನು ಕೀಳಾಗಿ ಕಾಣುವವರಿಗೆ ತಿಳಿದಿರಬೇಕು.

ಇಂಗ್ಲಿಷಿನಲ್ಲಿ ಕಿಪ್ಲಿಂಗನು 1901ರಲ್ಲಿ ಬರೆದ ‘ಕಿಮ್’ ಕಾದಂಬರಿಯನ್ನು ಇಲ್ಲಿ ನೆನೆಯದಿರಲಾಗದು. ಅದರ ಹಿಂದೆ ಒಂದು ನಿಜವಿದೆ. 1860ರ ದಶಕದಲ್ಲಿ ಬ್ರಿಟಿಷರ ಸರ್ವೇ ಇಲಾಖೆಯು ನೈನ್‌ಸಿಂಗರಂತಹವರನ್ನು ಟಿಬೆಟ್ಟಿಗೆ ಯಾತ್ರಿಕರ ವೇಷದಲ್ಲಿ ಕಳುಹಿಸಿದಾಗ ಅವರ ಜಪಮಾಲೆಯಲ್ಲಿ ಇದ್ದದ್ದು 108 ಮಣಿಗಳಲ್ಲ, 100. ಹೆಜ್ಜೆಗಳನ್ನು ಎಣಿಸಲು ಅದು ಅನುಕೂಲ. ಪ್ರಾರ್ಥನಾಚಕ್ರದೊಳಗೆ ಮಂತ್ರದ ಬದಲು ಟಿಪ್ಪಣಿಯ ಕಾಗದಗಳು. ಆ ಎಂಟು ಮಣಿಗಳಲ್ಲಿ ಏನು ಹೋಯಿತೆಂಬುದನ್ನು ದಿನವೂ ರುದ್ರಾಕ್ಷಿ ಎಣಿಸುವ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿಪ್ಲಿಂಗನ ಸಾಮ್ರಾಜ್ಯಭಕ್ತಿ ನಮಗೆ ಒಪ್ಪದು. ಆದರೂ ಆ ಕಾದಂಬರಿ ಬದುಕಿರುವುದು ಏನೂ ಅರಿಯದೆ ಹುಡುಗನನ್ನು ನಂಬಿ, ಅವನ ಶಾಲೆಯ ಶುಲ್ಕವನ್ನೂ ಕಟ್ಟುವ ಮುದುಕ ಲಾಮಾನಿಂದ. ಮೋಸಹೋದವನನ್ನು ಕಥೆಯ ನಡುವೆ ಕೂರಿಸಿದ್ದರಿಂದ ಕಥೆಗೆ ಜೀವ ಬಂತು.

ಇನ್ನು ಜನಪ್ರಿಯ ಸಾಹಿತ್ಯ, ಚಲನಚಿತ್ರಗಳು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದದ ವಿದ್ಯಾರ್ಥಿ ಒಂದು ಕಾಲಕ್ಕೆ ನಮ್ಮ ಪ್ರಸಾದನಿಲಯಗಳಲ್ಲಿ ಇರಲಿಲ್ಲ. ವ್ಯಾಕರಣದ ಪುಸ್ತಕದ ಒಳಗಿಟ್ಟು ಓದುತ್ತಿದ್ದವರು ಇಂದು ದೊಡ್ಡ ಹುದ್ದೆಗಳಲ್ಲಿದ್ದಾರೆ. ಹೆಚ್ಚಿನ ಶಾಲಾಶಿಕ್ಷಣವಿಲ್ಲದೆ ನೂರಾರು ಕಾದಂಬರಿಗಳನ್ನು ಬರೆದು, 2011ರಲ್ಲಿ ತೀರಿಕೊಂಡ ಆ ಲೇಖಕರಿಗೆ ಕನ್ನಡದ ಓದುಗವರ್ಗ ಋಣಿಯಾಗಿರಬೇಕು. ಅವರ ಪತ್ತೇದಾರನು ವೇಷ ಹಾಕಿದರೂ ಮನೆಯವರ ಪರವಾಗಿ ಹಾಕುತ್ತಾನೆ. ಕಳ್ಳತನವಾದ ಮನೆಗೆ ಅವನು ಉತ್ತರ ಕೊಡಬೇಕು. ಶೈಲಿ ಅವಸರದ್ದಾದರೂ ನೀತಿ ನೆಟ್ಟಗಿದೆ.

ಬೆಳ್ಳಿತೆರೆಯ ಗೂಢಚಾರ ಬೇರೆ ಜಾತಿಯವನು. 1962ರಲ್ಲಿ ಇಂಗ್ಲಿಷ್ ತೆರೆಗೆ ಬಂದ ಜೇಮ್ಸ್ ಬಾಂಡನ ಅಚ್ಚಿನಲ್ಲಿ ದೊರೆ-ಭಗವಾನ್ ಅವರು 1968ರಲ್ಲಿ ‘ಜೇಡರ ಬಲೆ’ಯನ್ನು ತಂದರು, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಶಿವನಿಗೆ ಕಣ್ಣು ಕೊಟ್ಟ, ಕಬೀರ, ತುಕಾರಾಮರಾಗಿ ಜನರ ಕೈ ಮುಗಿಸಿದ ರಾಜಕುಮಾರರೇ ಇಲ್ಲಿ ಕೈಯಲ್ಲಿ ಪಿಸ್ತೂಲು ಹಿಡಿದರು. ನಟನೆಯಲ್ಲಿ ಕೊರತೆಯಿಲ್ಲ, ಕನ್ನಡದವನೂ ಹೊಸ ಕಾಲದ ಉಡುಪಿನಲ್ಲಿ ತಲೆಯೆತ್ತಿ ನಡೆಯಬಲ್ಲನೆಂಬ ಹಿಗ್ಗನ್ನು ಆ ಚಿತ್ರಗಳು ಕೊಟ್ಟವು. ಅದನ್ನು ಅಲ್ಲಗಳೆಯುವುದು ಸಲ್ಲದು. ನಮ್ಮ ಆಕ್ಷೇಪ ಪಿಸ್ತೂಲಿಗಾಗಲಿ, ಕುಣಿತಕ್ಕಾಗಲಿ ಅಲ್ಲ. ಈ ಗೂಢಚಾರ ನಗರದಲ್ಲಿದ್ದಾನೆ, ಆದರೆ ಆ ನಗರದಲ್ಲಿ ಮನೆಗಳಿಗೆ ಬೆಲೆಯಿಲ್ಲ. ಹೋಟೆಲು, ಕ್ಲಬ್ಬು, ವಿಮಾನನಿಲ್ದಾಣ, ಖಳನ ಗುಹೆ; ಅವನು ಬಂದುಹೋದ ಮೇಲೆ ಅಲ್ಲಿನ ಜನ ಹೇಗೆ ಬದುಕಿದರೆಂದು ಯಾರೂ ಕೇಳುವುದಿಲ್ಲ. ಗೆದ್ದವನ ಹಿಂದೆ ಕ್ಯಾಮೆರಾ ಹೋಗುತ್ತದೆ. ಚಂದನದಾಸನಿಗೆ ಅಲ್ಲಿ ಸ್ಥಳವಿಲ್ಲ.

ಇದು ರಸಿಕರ ಹರಟೆಯಷ್ಟೇ ಆಗಿದ್ದರೆ ಬರೆಯುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ಭಿಕ್ಷೆಗೆ ಹೋದ ವಟುವನ್ನು ಕಿಟಕಿಯ ಸರಳಿನ ಹಿಂದಿನಿಂದಲೇ ವಿಚಾರಿಸುವ ಮನೆಗಳು ಇಂದು ನಗರಗಳಲ್ಲಿ ಎಷ್ಟೋ ಇವೆ. ನಾವು ಅವರನ್ನು ದೂರುವುದಿಲ್ಲ. ವೇಷಕ್ಕೆ ಮೋಸಹೋದವರ ಸುದ್ದಿ ಅವರೂ ಕೇಳಿದ್ದಾರೆ. ವೇಷಮರೆಸುವಿಕೆಯನ್ನು ಬರಿಯ ಚಮತ್ಕಾರವೆಂದು ಚಪ್ಪಾಳೆ ತಟ್ಟಲು ಕಲಿಸಿದ ಕಥೆಗಳಿಗೂ ಆ ಸರಳುಗಳಿಗೂ ಸಂಬಂಧವೇ ಇಲ್ಲವೆನ್ನಲು ಮಾತ್ರ ನಮಗೆ ಮನಸ್ಸು ಬಾರದು.

ನಮ್ಮ ಮಾನದಂಡಕ್ಕೆ ಸುಲಭವಾಗಿ ಬಗ್ಗದ ಒಂದು ಪ್ರಕರಣ ಮೂಡುಬಿದಿರೆಯಲ್ಲೇ ಇದೆ. 1430ರ ಸಾವಿರ ಕಂಬದ ಬಸದಿಯ ಆ ಊರಿನಲ್ಲಿ ಧವಲ, ಜಯಧವಲಗಳ ಓಲೆಗರಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತ ಭದ್ರವಾಗಿದ್ದವು. 19ನೆಯ ಶತಮಾನದ ಕೊನೆಗೆ ಅವು ಜೀರ್ಣವಾಗುವ ಭಯದಿಂದ, ಹೊರಗೆ ಒಯ್ಯಬಾರದೆಂಬ ಕಟ್ಟಳೆಯೊಡನೆ, ಅಲ್ಲಿಯೇ ಪ್ರತಿ ಮಾಡುವ ಕೆಲಸ ಮೊದಲಾಯಿತು. ಪ್ರತಿಕಾರರಲ್ಲಿ ಒಬ್ಬರಾದ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡು ಹೊರಗೆ ಕೊಂಡುಹೋದರು. ಅದು ಉತ್ತರದ ಸಹಾರನ್‌ಪುರ ಸೇರಿ, ಅಲ್ಲಿಂದಲೂ ಗುಟ್ಟಾಗಿಯೇ ಮತ್ತೆ ಪ್ರತಿಯಾಗಿ ಹರಡಿತು. 1939ರಲ್ಲಿ ಹೀರಾಲಾಲ್ ಜೈನರು ಷಟ್ಖಂಡಾಗಮದ ಮೊದಲ ಸಂಪುಟವನ್ನು ಅಚ್ಚಿಗೆ ತಂದದ್ದು ಇಂತಹ ಪ್ರತಿಗಳಿಂದ. ಇಲ್ಲಿಯೂ ನಂಬಿ ಬಾಗಿಲು ತೆರೆದ ಮನೆಯಿದೆ, ನಂಬಿಕೆ ಮೀರಿದ ಕೈಯಿದೆ. ಆದರೆ ಒಯ್ದದ್ದು ಅರಸನ ಕಿವಿಗಲ್ಲ, ಓದುಗರ ಕಣ್ಣಿಗೆ. ಆ ದಂಪತಿಗಳನ್ನು ನಿಂದಿಸಲು ನಮಗೆ ಬಾಯಿ ಬಾರದು, ಪೂರ್ತಿ ಹೊಗಳಲೂ ಬಾರದು. ಗ್ರಂಥ ಅಚ್ಚಾದ ಮೇಲೆ ಮೂಡುಬಿದಿರೆಯವರು ಮುನಿಸಿಕೊಂಡು ಕೂರಲಿಲ್ಲ. ಮುಂದಿನ ಸಂಪುಟಗಳ ಪಾಠವನ್ನು ಮೂಲ ಓಲೆಗಳೊಡನೆ ತಾಳೆ ನೋಡಲು ಅವರೇ ಅವಕಾಶ ಮಾಡಿಕೊಟ್ಟರು.