ಖಾರದ ‘ಉರಿ’: ಲಕ್ಷಣೆಯೋ ವಾಚ್ಯವೋ?

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಕಡೆ ಕೆಂಪು ಮೆಣಸಿನಕಾಯಿ ಕುಟ್ಟಿದವರು ‘ಕೈ ಉರೀತಾವ’ ಎನ್ನುವರು. ಜೋಳದ ರೊಟ್ಟಿಯೊಡನೆ ರಂಜಕವನ್ನು ಉಂಡವರು ‘ಬಾಯಿ ಉರೀತದ’ ಎನ್ನುವರು. ಬೆಂಕಿಯಿಲ್ಲದೆಡೆ ಉರಿಯೆಲ್ಲಿಯದು? ಮುಖ್ಯಾರ್ಥಕ್ಕೆ ಬಾಧೆಯೊದಗಿದುದರಿಂದ ಇದು ಲಾಕ್ಷಣಿಕ ಪ್ರಯೋಗವೆಂದು ಪಾಠ ಹೇಳುವುದು ಸುಲಭ. ಪುರಂದರದಾಸರ ಹೆಸರಿನಲ್ಲಿ ಪ್ರಚಾರದಲ್ಲಿರುವ ಮೆಣಸಿನಕಾಯಿಯ ಕೀರ್ತನೆಯನ್ನು ಬೋಧಿಸುವಾಗಲೂ ಇದೇ ವ್ಯಾಖ್ಯಾನವು ತಾನಾಗಿ ಒದಗುವುದು. ಆದರೆ ಈ ಪಕ್ಷವು ವಿಚಾರಕ್ಕೆ ನಿಲ್ಲತಕ್ಕುದಲ್ಲ.

ಮೊದಲು ಶಬ್ದಸಾಕ್ಷ್ಯವನ್ನು ನೋಡಬಹುದು. ‘ಖಾರ’ವು ‘ಕ್ಷಾರ’ದ ತದ್ಭವ. ಸುಶ್ರುತಸಂಹಿತೆಯಲ್ಲಿ ಕ್ಷಾರವೆಂದರೆ ಚರ್ಮಮಾಂಸಗಳನ್ನು ದಹಿಸುವ, ಶಸ್ತ್ರದ ಕೆಲಸವನ್ನು ಮಾಡುವ ದ್ರವ್ಯ. ಚರಕಸಂಹಿತೆಯು ಕಟುವನ್ನು ಷಡ್ರಸಗಳಲ್ಲಿ ಎಣಿಸಿದರೂ, ಚುಚ್ಚಿದಂತಾಗುವುದು, ಉರಿಯುವುದು, ಬಾಯಿ ಮೂಗು ಕಣ್ಣುಗಳಲ್ಲಿ ನೀರೂರುವುದು ಎಂಬ ವೇದನೆಗಳಿಂದಲೇ ಅದನ್ನು ಗುರುತಿಸಿದೆ. ಆ ಕಾಲದ ಕಟುದ್ರವ್ಯಗಳು ಕರಿಮೆಣಸು, ಹಿಪ್ಪಲಿ, ಶುಂಠಿ ಮೊದಲಾದುವು. ಅಮೇರಿಕಾ ಮೂಲದ ಮೆಣಸಿನಕಾಯಿಯು ಪೋರ್ತುಗೀಸರ ಕಾಲದಲ್ಲಿ ಬಂದುದು. ದ್ರವ್ಯವು ಹೊಸದಾದರೂ ಅನುಭವವು ಹಳೆಯದೇ.

ಇನ್ನು ವಸ್ತುಸಾಕ್ಷ್ಯ. ಮೆಣಸಿನಕಾಯಿಯ ಸತ್ತ್ವವಾದ ಕ್ಯಾಪ್ಸೈಸಿನ್ ನರಾಗ್ರಗಳಲ್ಲಿರುವ ಒಂದು ದ್ವಾರವನ್ನು ತೆರೆಯುತ್ತದೆ. ಅದೇ ದ್ವಾರವು ಸುಮಾರು 43 ಡಿಗ್ರಿ ಸೆಲ್ಸಿಯಸ್ಸಿಗೆ ಮೀರಿದ ಬಿಸಿಗೂ ತೆರೆಯುವುದೆಂದು 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ಸರಿಗೂ ಪಾಲು ಸಂದಿತು. ಬೆಂಕಿಯೂ ಖಾರವೂ ಒಂದೇ ಬಾಗಿಲನ್ನು ತಟ್ಟುವುದರಿಂದ ಮಿದುಳಿಗೆ ಮುಟ್ಟುವ ವಾರ್ತೆಯೂ ಒಂದೇ. ‘ಉರಿ’ಯು ಇಲ್ಲಿ ಜ್ವಾಲೆಯ ಹೆಸರಲ್ಲ, ವೇದನೆಯ ಹೆಸರು. ಆದುದರಿಂದ ಮುಖ್ಯಾರ್ಥಬಾಧೆಯೇ ಇಲ್ಲ; ಬಾಧೆಯಿಲ್ಲದೆಡೆ ಲಕ್ಷಣೆಗೆ ಅವಕಾಶವಿಲ್ಲ.

ಖಾರವೇ ನೋವನ್ನು ತಗ್ಗಿಸುವುದೆಂತು ಎಂಬ ಆಕ್ಷೇಪವು ಉಳಿಯಿತು. ಈ ದ್ವಾರವು ಬಹುಕಾಲ ತೆರೆದಿದ್ದರೆ ಕ್ಯಾಲ್ಸಿಯಂ ಒಳನುಗ್ಗಿ ನರಾಗ್ರವು ಜಡವಾಗುತ್ತದೆ. ಪ್ರಮಾಣವು ಹೆಚ್ಚಿದರೆ ಹಿಂಜರಿದು, ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಮೊದಲು ಉರಿ, ಅನಂತರ ಶಮನ. ಶೇಕಡಾ 0.025 ಮತ್ತು 0.075ರ ಲೇಪಗಳಿಗೂ, ಸರ್ಪಸುತ್ತಿನ ಅನಂತರದ ನರವೇದನೆಗೆ ಅಮೇರಿಕದಲ್ಲಿ 2009ರಲ್ಲಿ ಅಂಗೀಕೃತವಾದ ಶೇಕಡಾ 8ರ ಪಟ್ಟಿಗೂ ಇದೇ ಆಧಾರ. ಆ ಪಟ್ಟಿಯನ್ನು ಹಚ್ಚತಕ್ಕವರು ವೈದ್ಯರು. ಅಡುಗೆಯ ಖಾರಪುಡಿಯನ್ನು ಮೈಗೆ ಬಳಿಯುವುದು ಚಿಕಿತ್ಸೆಯಲ್ಲ, ಗಾಯಕ್ಕೆ ದಾರಿ.

‘ವಿಷಕ್ಕೆ ವಿಷವೇ ಮದ್ದು’ ಎಂಬ ಮಾತೂ ಇಲ್ಲಿ ಪೂರ್ತಿಯಾಗಿ ಹೊಂದದು. ಒಂದು ನೋವು ಇನ್ನೊಂದನ್ನು ಕೊಲ್ಲುವುದಿಲ್ಲ. ನೋವಿನ ದೂತನು ದಣಿದು ಮೌನಿಯಾಗುವನು. ತಿಕೋಟೆಯ ಗೃಹಿಣಿಯ ಮಾತು ಅಲಂಕಾರವಲ್ಲ, ಇದ್ದುದನ್ನು ಇದ್ದಂತೆ ನುಡಿದ ವಾಚ್ಯಾರ್ಥ. ತಿದ್ದಬೇಕಾದುದು ಆಕೆಯ ನುಡಿಯನ್ನಲ್ಲ, ಅದರ ವ್ಯಾಖ್ಯಾನವನ್ನು.