ಬಿಟ್‌ಗೆ ಕುಲುಮೆಯ ಹದ ಸಲ್ಲದು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಬೋರ್‌ವೆಲ್ ಲಾರಿ ಹೊಲಕ್ಕೆ ಬಂದಾಗ ನೀವೂ ನಿಂತು ನೋಡಿರುತ್ತೀರಿ. ಎಲ್ಲರ ಕಣ್ಣು ಮೇಲೇಳುವ ದೂಳಿನ ಮೇಲೆ. ಅದು ಕೆಸರಾಗುವುದು ಯಾವಾಗ ಎಂಬ ಕಾತರ. ಕೊಳವೆಯ ತುದಿಯಲ್ಲಿರುವ ಬಿಟ್ಟನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಮೊದಲು ಸಣ್ಣ ಬಿಟ್ಟಿನ ವಿಷಯ. ಲೇಥ್ ಅಂಗಡಿಯಲ್ಲಿ ಸಾಣೆ ಹಿಡಿಯುವಾಗ ಡ್ರಿಲ್ಲಿನ ತುದಿ ನೀಲಿಯಾದರೆ ಎರಡು ಸಲಹೆಗಳು ಸಿಗುತ್ತವೆ: ‘ಅದು ಸತ್ತಿತು, ಬಿಸಾಡು’, ಇಲ್ಲವೇ ‘ಕೆಂಪಗೆ ಕಾಯಿಸಿ ನೀರಿಗದ್ದು’. ಎರಡೂ ಕುಲುಮೆಯಿಂದ ಬಂದ ತಿಳಿವಳಿಕೆ. ಕುಳ, ಹಾರೆ, ಉಳಿಗಳ ಮಟ್ಟಿಗೆ ಅದು ಅಪ್ಪಟ ವಿಜ್ಞಾನವೇ. ಇಂಗಾಲದ ಉಕ್ಕು ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲ್ಲಿನ ಬಣ್ಣಕ್ಕೆ, 300ರ ಆಸುಪಾಸಿನಲ್ಲಿ ನೀಲಿಗೆ ತಿರುಗುತ್ತದೆ. ಅಷ್ಟರಲ್ಲಿ ಅದರ ಗಡಸುತನ ತಗ್ಗಿರುತ್ತದೆ. ಕಮ್ಮಾರ ಬಣ್ಣ ನೋಡಿಯೇ ಹದ ಹೇಳಬಲ್ಲ. (ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕನ ಶಾಸನ ಕೊರೆದವರೂ ಉಳಿಯನ್ನು ಎಷ್ಟು ಸಲ ಹದಗೊಳಿಸಿರಬೇಕು!)

ಆದರೆ ಇಂದಿನ ಡ್ರಿಲ್ ಹೆಚ್ಚಾಗಿ ಹೈಸ್ಪೀಡ್ ಉಕ್ಕಿನದು. 19ನೆಯ ಶತಮಾನದ ಕೊನೆಗೆ ಅಮೆರಿಕದ ಟೇಲರ್ ಮತ್ತು ವೈಟ್ ರೂಪಿಸಿದ ಸಂಸ್ಕರಣೆಯಿಂದ ಬೆಳೆದು ಬಂದ ಈ ಉಕ್ಕು 600 ಡಿಗ್ರಿಯ ಹತ್ತಿರದವರೆಗೂ ಗಡಸುತನ ಬಿಡುವುದಿಲ್ಲ. ಅದರ ಮೇಲಿನ ನೀಲಿ ಬರೀ ಆಕ್ಸೈಡಿನ ಪೊರೆ. ಬಿಸಾಡಬೇಕಿಲ್ಲ, ಮೆಲ್ಲಗೆ ಸಾಣೆ ಹಿಡಿದರೆ ಸಾಕು. ಕೆಂಪೇರಿದ್ದರೆ ಆ ತುದಿಯನ್ನು ತೆಗೆದು ಹೊಸ ಮೊನೆ ಮಾಡಬೇಕು. ಮತ್ತೆ ಗಡಸುಗೊಳಿಸಲು ಸುಮಾರು 1,200 ಡಿಗ್ರಿ ದಾಟಬೇಕು. ಅಷ್ಟು ಶಾಖದ ನಿಖರ ಹತೋಟಿ ಕುಲುಮೆಯ ಕಣ್ಣಂದಾಜಿಗೆ ನಿಲುಕದು. ಕಾದದ್ದನ್ನು ನೀರಿಗದ್ದಿದರೆ ಕೂದಲೆಳೆಯ ಬಿರುಕು ಖಚಿತವೆನ್ನುವಷ್ಟು ಸಾಮಾನ್ಯ. ಬರೀ ‘118 ಡಿಗ್ರಿ ಕೋನ’ ಎಂದು ಚಿತ್ರ ಬರೆಸಿ ಮುಗಿಸುವ ವರ್ಕ್‌ಶಾಪ್ ಪಾಠ, ಲೋಹ ಯಾವುದೆಂದು ಮೊದಲು ಕೇಳಲು ಕಲಿಸದಿದ್ದರೆ ಏನು ಪ್ರಯೋಜನ?

ಬೋರ್‌ವೆಲ್ ಬಿಟ್ಟಿನ ಕಥೆಯೇ ಬೇರೆ. ಕಲ್ಲನ್ನು ಪುಡಿಮಾಡುವುದು ಅದರ ಮುಖದಲ್ಲಿ ಕೂರಿಸಿದ ಟಂಗ್‌ಸ್ಟನ್ ಕಾರ್ಬೈಡ್ ಗುಂಡಿಗಳು. ಇವು ಕೋಬಾಲ್ಟ್ ಬೆರೆಸಿ ಒತ್ತಿ ಸುಟ್ಟ ಪುಡಿ. ಇವಕ್ಕೆ ಕುಲುಮೆಯ ಹದವೇ ಇಲ್ಲ. ಗುಂಡಿಯ ತಲೆ ಸವೆದು ಚಪ್ಪಟೆಯಾದ ಭಾಗ ಅದರ ವ್ಯಾಸದ ಮೂರನೆಯ ಒಂದರಷ್ಟಾದಾಗ ಮತ್ತೆ ದುಂಡಗೆ ಮಾಡಬೇಕು, ಅದೂ ನೀರು ಹರಿಸುತ್ತ, ವಜ್ರದ ಸಾಣೆಯಿಂದ. ಸಾಧಾರಣ ಸಾಣೆಕಲ್ಲು ಅದನ್ನು ತೇಯುವುದಕ್ಕಿಂತ ಕಾಯಿಸುವುದೇ ಹೆಚ್ಚು. ‘ಇನ್ನೊಂದು ಬಾವಿ ಆಗಲಿ’ ಎಂದು ತಡಮಾಡಿದರೆ ಮೈಮೇಲೆ ಹಾವಿನ ಪೊರೆಯಂಥ ಬಿರುಕು ಮೂಡಿ, ಗುಂಡಿ ನಮ್ಮ ಗಟ್ಟಿ ಕಲ್ಲಿನಲ್ಲಿ ಒಡೆಯುತ್ತದೆ.

ಅಂಚಿನ ಸಾಲು ಸವೆದರೆ ನಷ್ಟ ರೈತನದು. 6½ ಅಂಗುಲದ, ಅಂದರೆ 165 ಮಿಲಿಮೀಟರಿನ ಬಿಟ್ ಆಳಕ್ಕೆ ಹೋದಂತೆ ಕಿರಿದಾದ ರಂಧ್ರ ಕೊರೆಯುತ್ತದೆ. ಮುಂದೆ ಪಂಪು ಸಿಕ್ಕಿಕೊಳ್ಳುವುದು ಅಲ್ಲೇ. ಕಳೆದುಹೋದ ಈ ವ್ಯಾಸವನ್ನು ಯಾವ ಸಾಣೆಯೂ ಮರಳಿ ತರಲಾರದು. ಅಡಿಯ ಲೆಕ್ಕದಲ್ಲಿ ಹಣ ಕೊಡುವ ನೀವು, ಕೊರೆಯುವ ಮೊದಲು ಬಿಟ್ಟಿನ ಅಡ್ಡಳತೆ ಹಿಡಿಸಿ ನೋಡಿ. ಅಂಗಡಿಯವರಿಗೂ ಒಂದು ಮಾತು: ಒಣಗಿದ್ದಾಗ ಕಾರ್ಬೈಡ್ ತೇಯಬೇಡಿ. ಕೋಬಾಲ್ಟ್ ಬೆರೆತ ಆ ದೂಳು ಶ್ವಾಸಕೋಶವನ್ನು ಕೆಡಿಸುತ್ತದೆ, ಮೂಗಿಗೆ ಕಟ್ಟಿದ ಟವೆಲ್ಲು ಅದನ್ನು ತಡೆಯುವುದಿಲ್ಲ.