ನಿಷೇಧಚಿತ್ರಗಳಲ್ಲಿ ಹೇತುವಿಚಾರ

ಯೂಜೀನ್ ಜರೆಕಿಯವರ ‘ದಿ ಹೌಸ್ ಐ ಲಿವ್ ಇನ್’ (2012) ಎಂಬ ಸಾಕ್ಷ್ಯಚಿತ್ರವು ಅಮೆರಿಕದ ಮಾದಕದ್ರವ್ಯನಿಷೇಧವು ನಿಷ್ಫಲವಾಯಿತೆಂದು ಪ್ರತಿಪಾದಿಸುತ್ತದೆ. ಇದರಲ್ಲಿ ಸೆರೆಮನೆಯ ಕಾವಲುಗಾರನೂ ದಂಡವಿಧಿಸುವ ನ್ಯಾಯಾಧೀಶನೂ ನಿಷೇಧಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುವರು. ಇದು ಸಾಮಾನ್ಯವಾದ ಗುಣವಲ್ಲ. ಪ್ರಬಲವಾದ ಯುಕ್ತಿಯಾದರೋ ಕೊಕೇನಿನದು. 1986ರ ಶಾಸನದಂತೆ ಅದರ ಹರಳು 5 ಗ್ರಾಂ ಇದ್ದರೂ ಪುಡಿ 500 ಗ್ರಾಂ ಇದ್ದರೂ ಕನಿಷ್ಠ ಶಿಕ್ಷೆ 5 ವರ್ಷವೇ. ದ್ರವ್ಯವು ಒಂದೇ ಆಗಿರಲು ಈ ತಾರತಮ್ಯಕ್ಕೆ ಕಾರಣವು ಬೇರೆಲ್ಲೋ ಇರಬೇಕೆಂಬುದು ಸಿದ್ಧವಾಯಿತು. (2010ರಲ್ಲಿ 100ರ ಅಂತರವನ್ನು 18ಕ್ಕೆ ಇಳಿಸಿದರು.) ಕಡೆಯಲ್ಲಿ ಯೆಹೂದ್ಯರ ಸಂಹಾರವನ್ನು ತಂದಿರುವುದು ಮಾತ್ರ ವಿಷಮದೃಷ್ಟಾಂತ, ಅದರಿಂದ ಚಿತ್ರಕ್ಕೆ ಹಾನಿಯೇ ಆಗಿದೆ.

ಕನ್ನಡನಾಡಿನಲ್ಲಿ ಇಂತಹ ಚಿತ್ರವನ್ನು ತೆಗೆಯುವವರಿಗೆ ಎಡವಲು ಎಡೆಯುಂಟು. 2007ನೆಯ ಜುಲೈ 1ರಂದು ಸಾರಾಯಿ ನಿಷಿದ್ಧವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿಯೂ ತಮಿಳುನಾಡಿನ ಗಡಿಯಲ್ಲಿಯೂ ಕಳ್ಳಭಟ್ಟಿಯಿಂದ ನೂರಕ್ಕೂ ಮಿಕ್ಕ ಜನರು ಸತ್ತರು. ಇವೆರಡನ್ನು ಜೋಡಿಸಿ ತೋರಿಸಿದರೆ ಪ್ರೇಕ್ಷಕನು ನಿಷೇಧವೇ ಕಾರಣವೆಂದಾನು. ಆದರೆ ಸಾರಾಯಿಗೆ ಅಪ್ಪಣೆಯಿದ್ದ 1981ರಲ್ಲಿಯೇ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನರು ಬಲಿಯಾಗಿದ್ದರು. ಕಾರಣವಿಲ್ಲದೆಡೆಯಲ್ಲಿಯೂ ಕಾರ್ಯವು ಕಂಡಿತು. ನೈಯಾಯಿಕರು ಇದನ್ನೇ ವ್ಯತಿರೇಕವ್ಯಭಿಚಾರವೆನ್ನುವರು. ಸತ್ತವರ ಮನೆಗಳ ಅಳುವನ್ನು ಎಷ್ಟು ತೋರಿಸಿದರೂ ಈ ದೋಷವು ಹೋಗದು.

ಅದರ ಬದಲು ಮುಡುಕುತೊರೆಯ ಮಲ್ಲಿಕಾರ್ಜುನನ ಜಾತ್ರೆಗೆ ದನ ಮಾರಲು ಬಂದ ಒಕ್ಕಲಿಗನನ್ನೂ ಅವನ ಹೆಂಡತಿಯನ್ನೂ ಬೇರೆಬೇರೆಯಾಗಿ ಕೇಳಬೇಕು: ಪೊಟ್ಟಣದ ಸಾರಾಯಿ ಹೋದಮೇಲೆ ಮನೆಯಲ್ಲಿ ಉಳಿದ ಹಣವೆಷ್ಟು, ಬೆಲೆಯೇರಿದ ಮದ್ಯಕ್ಕೆ ಹೋದುದೆಷ್ಟು? ಜರೆಕಿಯವರೂ ತಮ್ಮ ಮನೆಯಲ್ಲಿ ದುಡಿದ ಹೆಂಗಸಿನಿಂದಲೇ ವಿಚಾರವನ್ನು ಆರಂಭಿಸಿದರು.